ಕನ್ನಡ ಪಾಠಗಳಲ್ಲಿ ಪದಗಳ ನಡುವಣ ತೆರಪು: ತೇರದಾಳದ ಕಲ್ಲಿನಿಂದ ಗಣಕಯಂತ್ರದವರೆಗೆ

೧

ಕೃಷ್ಣಾ ಘಟಪ್ರಭಾ ನದಿಗಳ ನಡುವಣ ನಾಡಿನಲ್ಲಿ ಬನಹಟ್ಟಿಯು ನೇಕಾರರ ಊರೆಂದು ಹೆಸರಾಗಿದೆ. ಈ ಊರಿನ ಸುತ್ತಣ ಪ್ರದೇಶವು ಕನ್ನಡ ವಾಙ್ಮಯದ ಚರಿತ್ರೆಯನ್ನು ವ್ಯಾಸಂಗ ಮಾಡುವವರಿಗೆ ಮುಖ್ಯವಾಗಿ ಎರಡು ಕಾರಣಗಳಿಂದ ಗಣ್ಯವಾದುದು. ಮೊದಲನೆಯದು, ಬನಹಟ್ಟಿಯ ನೆರೆಯಲ್ಲಿಯೇ ಇರುವ ತೇರದಾಳದ ಶಿಲಾಶಾಸನ. ಮಂಡಲಿಕ ಗೊಂಕನು ಅಲ್ಲಿ ನೇಮಿನಾಥ ತೀರ್ಥಂಕರನ ಬಸದಿಯನ್ನು ಕಟ್ಟಿಸಿ ದತ್ತಿ ಬಿಟ್ಟ ಸಂಗತಿಯನ್ನು ಹೇಳುವ, ಕ್ರಿ. ಶ. ೧೧೨೩ರ ಸುಮಾರಿನ ಈ ಶಾಸನವನ್ನು ಫ್ಲೀಟರು ‘ಇಂಡಿಯನ್ ಆಂಟಿಕ್ವೆರಿ’ಯ ೧೪ನೆಯ ಸಂಪುಟದಲ್ಲಿ, ೧೮೮೫ರಲ್ಲಿ, ಪ್ರಕಟಿಸಿದರು. ಎರಡನೆಯದು, ಕವಿಚಕ್ರವರ್ತಿ ರನ್ನನ ಜನ್ಮಭೂಮಿ. ಜಂಬುಖಂಡಿಯ ಸೀಮೆಯ ಬೆಳುಗಲಿಯಲ್ಲಿ, ಬಳೆಗಾರರ ಕುಲದಲ್ಲಿ, ಕ್ರಿ. ಶ. ೯೪೯ರಲ್ಲಿ ಹುಟ್ಟಿದ ರನ್ನನು ೯೯೩ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದನು. ಮುಧೋಳದ ಬಳಿಯ ಆ ಊರು ಈಗ ರನ್ನಬೆಳಗಲಿ ಎಂದು ಕರೆಯಿಸಿಕೊಳ್ಳುತ್ತದೆ.

ಕಲ್ಲಿನ ಬರಹಕ್ಕೂ ಓಲೆಯ ಕಾವ್ಯಕ್ಕೂ ವಸ್ತುವಿನಲ್ಲಿಯೂ ಶೈಲಿಯಲ್ಲಿಯೂ ಎಷ್ಟೇ ಅಂತರವಿದ್ದರೂ ಅವೆರಡಕ್ಕೂ ಸಮಾನವಾದ ಒಂದು ಲಕ್ಷಣವುಂಟು. ಎರಡರಲ್ಲಿಯೂ ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಅಕ್ಷರದ ಪಕ್ಕದಲ್ಲಿ ಅಕ್ಷರ ಬರುತ್ತ ಹೋಗುವುದು. ಪದವು ಎಲ್ಲಿ ಮುಗಿಯಿತೆಂಬುದನ್ನು ಓದುವವನೇ ತಿಳಿದುಕೊಳ್ಳಬೇಕು. ಅದೇ ಶಾಸನವನ್ನೂ ಅದೇ ಕಾವ್ಯವನ್ನೂ ಅಚ್ಚಾದ ಪುಸ್ತಕದಲ್ಲಿ ನೋಡಿದರೆ ತೆರಪುಗಳು ಕಾಣಿಸುತ್ತವೆ. ಪುಸ್ತಕದಿಂದ ಪಾಠವು ಗಣಕಯಂತ್ರಕ್ಕೆ ಏರಿದಾಗ ತೆರಪುಗಳು ಇನ್ನೂ ಹೆಚ್ಚುತ್ತವೆ. ಒಂದಿರಬೇಕಾದಲ್ಲಿ ಎರಡು ಮೂರಾಗಿಯೂ, ಇರಬಾರದ ಕಡೆಯಲ್ಲಿಯೂ ಬಂದು ಸೇರುತ್ತವೆ. ಇವನ್ನು ಯಂತ್ರದ ಸೂತ್ರಗಳಿಂದ ಗುಡಿಸಿ ಪಾಠವನ್ನು ಚೊಕ್ಕಟಮಾಡುವ ಪದ್ಧತಿಯು ಬಳಕೆಗೆ ಬಂದಿದೆ. ಹೀಗಿರುವಲ್ಲಿ ಒಂದು ಪ್ರಶ್ನೆಯನ್ನು ಮೊದಲು ಬಗೆಹರಿಸಬೇಕಾಗುತ್ತದೆ. ಹಳಗನ್ನಡ ಪಾಠದಲ್ಲಿ ಕಾಣುವ ತೆರಪು ಯಾರದು? ಕವಿಯದೆ, ಲಿಪಿಕಾರನದೆ, ಸಂಪಾದಕನದೆ, ಅಥವಾ ಅಚ್ಚುಕೂಟದ್ದೆ? ಇದು ನಿರ್ಣಯವಾಗದೆ ಯಾವ ತೆರಪನ್ನು ತೆಗೆಯಬಹುದು, ಯಾವುದನ್ನು ತೆಗೆಯಬಾರದು ಎಂಬುದು ನಿರ್ಣಯವಾಗಲಾರದು.

೨

ಕನ್ನಡ ಬರಹವು ತನ್ನ ಆದಿಯಿಂದಲೂ ತೆರಪಿಲ್ಲದ ಬರಹ. ಕ್ರಿ. ಶ. ೪೫೦ರ ಸುಮಾರಿನದೆಂದು ಎಣಿಸಲಾಗಿರುವ ಹಲ್ಮಿಡಿಯ ಶಾಸನದ ೧೬ ಸಾಲುಗಳಲ್ಲಿಯೂ, ೭೦೦ರ ಸುಮಾರಿನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೂ ಇದೇ ಪದ್ಧತಿ. ಶಾಸನಗಳಲ್ಲಿ ಸಾಲು ಮುಗಿಯುವುದಕ್ಕೂ ಪದ ಮುಗಿಯುವುದಕ್ಕೂ ಸಂಬಂಧವಿರುವುದಿಲ್ಲ. ಕಲ್ಲಿನ ಅಗಲ ತೀರಿದಲ್ಲಿ ಸಾಲು ತೀರುತ್ತದೆ. ಪದದ ಎರಡು ಅಕ್ಷರಗಳು ಮೇಲಿನ ಸಾಲಿನಲ್ಲಿಯೂ ಉಳಿದವು ಕೆಳಗಿನ ಸಾಲಿನಲ್ಲಿಯೂ ನಿಲ್ಲುತ್ತವೆ. ಪದ್ಯದ ಕೊನೆಯನ್ನು ಒಂದು ಅಥವಾ ಎರಡು ಗೀಟುಗಳು ಸೂಚಿಸುವುದುಂಟು. ಪದದ ಕೊನೆಯನ್ನು ಸೂಚಿಸುವ ಗುರುತಿಲ್ಲ.

ಆದರೆ ಕಲ್ಲಿನ ಮೇಲೆ ಬರಿದಾದ ಜಾಗವೇ ಇರುವುದಿಲ್ಲವೆಂದು ಹೇಳುವಂತಿಲ್ಲ. ಕಲ್ಲು ಸೀಳಿರುವ ಅಥವಾ ಚಕ್ಕೆ ಎದ್ದಿರುವ ಕಡೆಯನ್ನು ಬಿಟ್ಟು ಕಂಡರಣೆಯವನು ಮುಂದೆ ಕೊರೆಯುವುದುಂಟು. ಓಲೆಗರಿಯಲ್ಲಿ ಈ ಸಂಗತಿಯು ಮತ್ತಷ್ಟು ಸ್ಪಷ್ಟವಾಗಿದೆ. ಗರಿಗಳನ್ನು ದಾರದಲ್ಲಿ ಪೋಣಿಸುವುದಕ್ಕಾಗಿ ತೂತು ಮಾಡಿರುತ್ತಾರೆ. ದಾರವು ಉಜ್ಜಿ ಅಕ್ಷರಗಳು ಅಳಿಯಬಾರದೆಂದು ತೂತಿನ ಸುತ್ತ ಬರಿದಾದ ಜಾಗವನ್ನು ಬಿಟ್ಟು ಲಿಪಿಕಾರನು ಕಂಠದಿಂದ ಬರೆಯುತ್ತ ಹೋಗುತ್ತಾನೆ. ಈ ಬಯಲು ಪದದ ನಡುವೆ ಬೀಳಬಹುದು, ಸಮಾಸದ ನಡುವೆ ಬೀಳಬಹುದು. ಅದಕ್ಕೆ ಅರ್ಥವಿಲ್ಲವೆಂಬುದು ಓದಬಲ್ಲವನಿಗೆ ತಿಳಿದೇ ಇತ್ತು. ಇದ್ದಿಲು ಹುಣಿಸೆಬೀಜದ ಅಂಟನ್ನು ಬಳಿದ ಬಟ್ಟೆಯ ಕಡತಗಳಲ್ಲಿ ಮಡಿಕೆಯ ಬಳಿ ಉಳಿಯುವ ಜಾಗವೂ ಇದೇ ಜಾತಿಯದು. ಜಮಖಂಡಿಯ ಪಟವರ್ಧನರ, ಸಾಂಗಲಿಯ ಪಟವರ್ಧನರ ಮತ್ತು ಮುಧೋಳದ ಘೋರ್ಪಡೆಯವರ ಸಂಸ್ಥಾನಗಳು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಈ ನಾಡು ಆ ಮೂವರ ಆಳ್ವಿಕೆಗೆ ಹಂಚಿಹೋಗಿದ್ದಿತು. ಇಂತಹ ಮರಾಠಾ ಸಂಸ್ಥಾನಗಳ ಹಳೆಯ ಕಾಗದಪತ್ರಗಳಿಗೆ ಬಳಕೆಯಾದ ಮೋಡಿ ಲಿಪಿಯಲ್ಲಿಯೂ ಪದಗಳ ನಡುವೆ ತೆರಪಿಲ್ಲ. ಮೊದಲು ಸಾಲಿನುದ್ದಕ್ಕೂ ಒಂದು ತಲೆಗೀಟನ್ನೆಳೆದು ಅದರ ಕೆಳಗೆ ಅಕ್ಷರಗಳನ್ನು ಎಡೆಬಿಡದೆ ಬರೆಯುವುದು ಅದರ ಕ್ರಮ.

ರನ್ನನ ಆಶ್ರಯದಾತೆಯಾದ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ಸಾವಿರ ಪ್ರತಿಗಳ ಗರಿಗಳು ಒಂದೇ ಅಳತೆಯವಾಗಿರಲಾರವು. ಸಾಲುಗಳು ಒಂದೇ ಕಡೆ ಮುಗಿದಿರಲಾರವು. ತೂತಿನ ಬಯಲು ಒಂದೇ ಅಕ್ಷರದ ಪಕ್ಕದಲ್ಲಿ ಬಿದ್ದಿರಲಾರದು. ಆದರೂ ಅವೆಲ್ಲವೂ ಒಂದೇ ಗ್ರಂಥದ ಪ್ರತಿಗಳು. ಪ್ರತಿಯಿಂದ ಪ್ರತಿಗೆ ಮಾರ್ಪಡದೆ ಇಳಿದುಬರಬೇಕಾದುದು ಅಕ್ಷರಗಳ ಅನುಕ್ರಮ ಮಾತ್ರ, ಬರಿದಾದ ಜಾಗವಲ್ಲ. ಇದರಿಂದ ಸಿದ್ಧವಾಗುವ ಮೊದಲ ಮಾತಿದು: ಹಳಗನ್ನಡದ ಮೂಲಪಾಠವೆಂದರೆ ಅಕ್ಷರಮಾಲೆ, ಅದರಲ್ಲಿ ಕಾಣುವ ಬಯಲು ಬರೆದ ವಸ್ತುವಿಗೆ ಸೇರಿದುದೇ ಹೊರತು ಪಾಠಕ್ಕೆ ಸೇರಿದುದಲ್ಲ.

೩

ಅಕ್ಷರಮಾಲೆಯನ್ನು ಪದಗಳಾಗಿ ಬಿಡಿಸುವ ಕೆಲಸವು ಭಾರತೀಯರಿಗೆ ಹೊಸದಲ್ಲ. ಋಗ್ವೇದದ ಸಂಹಿತಾಪಾಠವನ್ನು ಬಿಡಿಸಿ ಶಾಕಲ್ಯನು ಪದಪಾಠವನ್ನು ಮಾಡಿದನು. ಅವನ ವಿಂಗಡಣೆಯನ್ನು ಎಲ್ಲರೂ ಎಲ್ಲೆಡೆಯಲ್ಲಿಯೂ ಒಪ್ಪಲಿಲ್ಲವೆಂಬುದು ಗಮನಾರ್ಹ. ಹತ್ತನೆಯ ಮಂಡಲದ ಒಂದು ಋಕ್ಕಿನಲ್ಲಿ ಬರುವ ‘ವಾಯೋ’ ಎಂಬುದನ್ನು ಶಾಕಲ್ಯನು ‘ವಾ’ ‘ಯಃ’ ಎಂದು ಎರಡು ಪದಗಳಾಗಿ ಬಿಡಿಸಿದನು. ಯಾಸ್ಕನು ನಿರುಕ್ತದಲ್ಲಿ ಅದನ್ನು ಆಕ್ಷೇಪಿಸಿ, ಹಾಗೆ ಬಿಡಿಸಿದರೆ ಕ್ರಿಯಾಪದದ ಸ್ವರ ಹೊಂದುವುದಿಲ್ಲ, ವಾಕ್ಯದ ಅರ್ಥವೂ ಪೂರ್ತಿಯಾಗುವುದಿಲ್ಲ ಎಂದು ತೋರಿಸಿ, ಅದು ‘ಹಕ್ಕಿಯ ಮರಿ’ ಎಂಬರ್ಥದ ಒಂದೇ ಪದವೆಂದು ನಿರ್ಣಯಿಸಿದನು. ಒಂದು ತೆರಪಿನ ವಿಷಯವಾಗಿ ನಡೆದ ಅತಿ ಪ್ರಾಚೀನ ವಾದಗಳಲ್ಲಿ ಇದೊಂದು. ಪತಂಜಲಿಯೂ ಮಹಾಭಾಷ್ಯದಲ್ಲಿ, ಪದಕಾರರು ವ್ಯಾಕರಣವನ್ನು ಅನುಸರಿಸಬೇಕಲ್ಲದೆ ವ್ಯಾಕರಣವು ಪದಕಾರರನ್ನು ಅನುಸರಿಸಬೇಕಾದುದಿಲ್ಲ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದಾನೆ. ಪದವಿಭಾಗವು ಮೂಲವಲ್ಲ, ಮೂಲದ ಮೇಲಣ ವ್ಯಾಖ್ಯಾನ ಎಂಬುದು ಇದರ ತಾತ್ಪರ್ಯ.

ಕನ್ನಡದಲ್ಲಿ ಈ ಕೆಲಸವು ಎಷ್ಟು ತೊಡಕಿನದೆಂಬುದನ್ನು ಕೇಶಿರಾಜನ ‘ಶಬ್ದಮಣಿದರ್ಪಣ’ದ ಸಂಧಿಪ್ರಕರಣದಿಂದ ಅರಿಯಬಹುದು. ೧೩ನೆಯ ಶತಮಾನದ ಈ ವೈಯಾಕರಣನು ಸಂಧಿಯಲ್ಲಿ ನಡೆಯುವ ಲೋಪ, ಆಗಮ, ಆದೇಶಗಳನ್ನು ಹೇಳಿ, ಸಂಧಿಯಾಗದಿರುವ ಸ್ಥಳಗಳನ್ನೂ ಹೇಳಿದ್ದಾನೆ. ಲೋಪದಲ್ಲಿ ಒಂದು ಅಕ್ಷರ ಹೋಗುತ್ತದೆ. ಆಗಮದಲ್ಲಿ ಒಂದು ಬರುತ್ತದೆ. ಆದೇಶದಲ್ಲಿ ಒಂದರ ಸ್ಥಾನಕ್ಕೆ ಮತ್ತೊಂದು ಬರುತ್ತದೆ. ಎಂದರೆ ಪದಗಳ ನಡುವಣ ಮೇರೆಯಲ್ಲಿ ಅಕ್ಷರಗಳೇ ಮಾರ್ಪಡುತ್ತವೆ. ಮೇರೆಯು ಅಕ್ಷರದ ಒಳಗೇ ಅಡಗಿಹೋಗುತ್ತದೆ.

ಒಂದು ಉದಾಹರಣೆಯಿಂದ ಇದನ್ನು ವಿಶದಪಡಿಸಬಹುದು. ಓಲೆಯಲ್ಲಿ ‘ಅರಸನಾಳ್ದಂ’ ಎಂದು ಇದೆಯೆಂದು ಭಾವಿಸೋಣ. ಇದನ್ನು ‘ಅರಸಂ ಆಳ್ದಂ’ ಎಂದು ಬಿಡಿಸಿದರೆ ಅರಸನು ಆಳಿದನೆಂದು ಅರ್ಥ. ‘ಅರಸನ ಆಳ್ದಂ’ ಎಂದು ಬಿಡಿಸಿದರೆ ಅರಸನ ಒಡೆಯನೆಂದು ಅರ್ಥ. ಮೊದಲನೆಯದರಲ್ಲಿ ಅವನೇ ಪ್ರಭು. ಎರಡನೆಯದರಲ್ಲಿ ಅವನು ಇನ್ನೊಬ್ಬ ಪ್ರಭುವಿಗೆ ಅಧೀನನಾದ ಸಾಮಂತ. ಎರಡಕ್ಕೂ ಅಕ್ಷರಮಾಲೆ ಒಂದೇ. ಛಂದಸ್ಸಿನ ದೃಷ್ಟಿಯಿಂದ ನೋಡಿದರೆ, ಕೂಡಿಸಿದ ರೂಪದಲ್ಲಿ ೫ ಅಕ್ಷರಗಳೂ ೭ ಮಾತ್ರೆಗಳೂ ಇವೆ. ‘ಅರಸಂ ಆಳ್ದಂ’ ಎಂಬಲ್ಲಿ ೫ ಅಕ್ಷರ, ೮ ಮಾತ್ರೆ; ‘ಅರಸನ ಆಳ್ದಂ’ ಎಂಬಲ್ಲಿ ೬ ಅಕ್ಷರ, ೮ ಮಾತ್ರೆ. ಆದುದರಿಂದ ತೆರಪನ್ನು ಹಾಕಿದೊಡನೆ ಪದ್ಯದ ಲೆಕ್ಕ ತಪ್ಪುತ್ತದೆ. ಹಾಕದಿದ್ದರೆ ಓದುಗನಿಗೆ ಅರ್ಥ ಸಂದೇಹವಾಗುತ್ತದೆ. ಕಂದದಲ್ಲಿಯೋ ವೃತ್ತದಲ್ಲಿಯೋ ಈ ತಪ್ಪನ್ನು ಗಣಗಳು ಹಿಡಿದುಕೊಡುತ್ತವೆ. ಚಂಪೂಕಾವ್ಯದ ಗದ್ಯಕ್ಕೂ ಶಾಸನದ ದತ್ತಿಭಾಗಕ್ಕೂ ಅಂತಹ ಕಾವಲಿಲ್ಲ.

ಹೊಸಗನ್ನಡವೂ ಈ ಸಂದೇಹಕ್ಕೆ ಹೊರತಲ್ಲ. ‘ಅವರಲ್ಲಿ ಹಣವಿಟ್ಟರು’ ಎಂಬ ವಾಕ್ಯದಲ್ಲಿ ‘ಅವರಲ್ಲಿ’ ಎಂಬುದನ್ನು ಸಪ್ತಮಿಯೆಂದು ತಿಳಿದರೆ, ಯಾರೋ ತಮ್ಮ ಹಣವನ್ನು ಅವರ ವಶದಲ್ಲಿ ಇಟ್ಟರೆಂದಾಗುತ್ತದೆ. ‘ಅವರು ಅಲ್ಲಿ’ ಎಂದು ಬಿಡಿಸಿದರೆ, ಹಣವಿಟ್ಟವರು ಅವರೇ ಆಗುತ್ತಾರೆ. ದಾನಪತ್ರದಲ್ಲಾಗಲಿ ಸಾಲಪತ್ರದಲ್ಲಾಗಲಿ ಇಂತಹ ವಾಕ್ಯ ಬಂದರೆ ಹಣದ ಒಡೆತನವೇ ಒಂದು ತೆರಪಿನಿಂದ ಕೈಬದಲಾಯಿಸುತ್ತದೆ.

ಇನ್ನೊಂದು ವಿಶೇಷವುಂಟು. ಹಳಗನ್ನಡದಲ್ಲಿ ವ್ಯಂಜನಾಂತ ಪದಗಳು ಹೇರಳ. ‘ಅವರ್ ಬಂದರ್’ ಎಂಬ ಎರಡು ಪದಗಳ ನಡುವಣ ತೆರಪನ್ನು ತೆಗೆದರೆ ಬರಹವು ‘ಅವರ್ಬಂದರ್’ ಎಂದಾಗುತ್ತದೆ. ಇಲ್ಲಿ ಬರಿಯ ಜಾಗವೊಂದು ಹೋಗಿ ನಿಲ್ಲಲಿಲ್ಲ. ರಕಾರವೂ ಬಕಾರವೂ ಕೂಡಿ ಒತ್ತಕ್ಷರವಾಯಿತು. ರೋಮನ್ ಲಿಪಿಯಲ್ಲಿ ತೆರಪೆಂಬುದು ಎರಡು ಅಕ್ಷರಗಳ ನಡುವಣ ಶೂನ್ಯ. ಕನ್ನಡದಲ್ಲಿ ಅದು ಅಕ್ಷರಗಳ ಆಕಾರವನ್ನೇ ನಿರ್ಣಯಿಸುವ ವಸ್ತು.

೪

ತೆರಪು ಕನ್ನಡ ಪುಟದಲ್ಲಿ ನೆಲೆಗೊಂಡುದು ಅಚ್ಚಿನ ಕಾಲದಲ್ಲಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು; ೧೮೪೩ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಟಿತು. ಮುಂದೆ ಕಿಟ್ಟೆಲರ ‘ಶಬ್ದಮಣಿದರ್ಪಣ’ದ ಆವೃತ್ತಿ ೧೮೭೨ರಲ್ಲಿಯೂ, ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ೧೮೮೬ರಲ್ಲಿಯೂ ಪ್ರಕಟವಾದುವು. ಪ್ರಶ್ನಾರ್ಥಕ, ಪೂರ್ಣವಿರಾಮ, ಅಲ್ಪವಿರಾಮ ಮೊದಲಾದ ಚಿಹ್ನೆಗಳು ಇಂಗ್ಲಿಷಿನ ಅನುಕರಣದಿಂದ ಬಂದಂತೆಯೇ ಪದಗಳ ನಡುವಣ ತೆರಪೂ ಅಚ್ಚಿನೊಡನೆ ರೂಢಿಯಾಯಿತು.

ಇಂತಹ ಮಾರ್ಪಾಡು ಕನ್ನಡಕ್ಕೆ ಮಾತ್ರ ಮೀಸಲಾದುದಲ್ಲ. ಪ್ರಾಚೀನ ಗ್ರೀಕ್ ಲ್ಯಾಟಿನ್ ಗ್ರಂಥಗಳನ್ನು ಸಹ ಬಹುಕಾಲ ತೆರಪಿಲ್ಲದೆ ಬರೆಯುತ್ತಿದ್ದರು. ಲ್ಯಾಟಿನ್ನಿನಲ್ಲಿ ಪದಗಳನ್ನು ಬಿಡಿಸಿ ಬರೆಯುವ ಪದ್ಧತಿಯನ್ನು ೭ನೆಯ ಶತಮಾನದ ಸುಮಾರಿಗೆ ಬಳಕೆಗೆ ತಂದವರು ಐರ್ಲೆಂಡಿನ ಕ್ರೈಸ್ತಮಠಗಳ ಲಿಪಿಕಾರರೆಂದು ವಿದ್ವಾಂಸರು ನಿರೂಪಿಸಿದ್ದಾರೆ. ಅವರ ಮನೆಮಾತು ಬೇರೆಯಾಗಿದ್ದು ಲ್ಯಾಟಿನ್ ಕಲಿತು ತಿಳಿಯಬೇಕಾದ ಭಾಷೆಯಾಗಿತ್ತು. ಕಿವಿಯು ಮಾಡದ ಕೆಲಸವನ್ನು ಕಣ್ಣು ಮಾಡಬೇಕಾಯಿತು. ೧೯ನೆಯ ಶತಮಾನದಲ್ಲಿ ಪಂಪ ರನ್ನರನ್ನು ಓದತೊಡಗಿದ ಕನ್ನಡ ವಿದ್ಯಾರ್ಥಿಯ ಸ್ಥಿತಿಯೂ ಹೆಚ್ಚುಕಡಮೆ ಅಂತಹುದೇ. ಹಳಗನ್ನಡವು ಅವನ ಕಿವಿಗೆ ದೂರವಾಗಿತ್ತು. ತೆರಪು ಅವನಿಗೆ ಊರುಗೋಲಾಯಿತು.

ರೈಸರ ಸಂಪುಟಗಳಲ್ಲಿ ಶಾಸನದ ಪಾಠವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಕೊಟ್ಟಿರುವುದುಂಟು. ಈ ಎರಡು ಲಿಪಿಗಳ ಸ್ವಭಾವ ಭೇದವು ಪದವಿಭಾಗದಲ್ಲಿ ಚೆನ್ನಾಗಿ ಕಾಣುತ್ತದೆ. ರೋಮನ್ ಲಿಪಿಯಲ್ಲಿ ‘ಅರಸನ್’ ಎಂದು ನಿಲ್ಲಿಸಿ, ಜಾಗ ಬಿಟ್ಟು, ‘ಆಳ್ದಂ’ ಎಂದು ಬರೆದರೆ ಒಂದಕ್ಷರವೂ ಮಾರ್ಪಡುವುದಿಲ್ಲ. ಕನ್ನಡ ಲಿಪಿಯಲ್ಲಿ ‘ನಾ’ ಎಂಬುದು ಒಂದೇ ಅಕ್ಷರ. ಅದನ್ನು ಸೀಳದೆ ತೆರಪು ಬರಲಾರದು. ಆದುದರಿಂದ ಕನ್ನಡದ ಸಂಪಾದಕನ ಮುಂದೆ ಎರಡೇ ದಾರಿಗಳು ಉಳಿದುವು: ಸಂಧಿಯಾದಲ್ಲಿ ಕೂಡಿಸಿಯೇ ಅಚ್ಚುಮಾಡುವುದು, ಅಥವಾ ಸಂಧಿಯನ್ನು ಬಿಡಿಸಿ ಅಚ್ಚುಮಾಡಿ ಛಂದಸ್ಸನ್ನು ಓದುಗನ ವಿವೇಕಕ್ಕೆ ಬಿಡುವುದು. ಎರಡೂ ರೂಢಿಯಲ್ಲಿವೆ. ಒಂದೇ ಗ್ರಂಥದ ಎರಡು ಮುದ್ರಣಗಳಲ್ಲಿ ತೆರಪುಗಳು ಒಪ್ಪದಿರುವುದಕ್ಕೆ ಕಾರಣವಿದು.

ಅಚ್ಚಿನಲ್ಲಿ ಮತ್ತೊಂದು ಬಗೆಯ ತೆರಪೂ ಹುಟ್ಟಿತು. ಮೊಳೆ ಜೋಡಿಸುವವನಿಗೆ ತೆರಪೆಂಬುದು ಶೂನ್ಯವಲ್ಲ, ಸೀಸದ ಒಂದು ತುಂಡು. ಸಾಲಿನ ಬಲದಂಚನ್ನು ಸಮಮಾಡುವುದಕ್ಕಾಗಿ ಅವನು ಒಂದು ಕಡೆ ದಪ್ಪ ತುಂಡನ್ನೂ ಮತ್ತೊಂದು ಕಡೆ ತೆಳು ತುಂಡನ್ನೂ ಇಡುತ್ತಿದ್ದನು. ಪದವು ಸಾಲಿನಲ್ಲಿ ಹಿಡಿಸದಿದ್ದರೆ ಅಡ್ಡಗೀಟು ಹಾಕಿ ಉಳಿದುದನ್ನು ಮುಂದಿನ ಸಾಲಿಗೆ ಒಯ್ಯುತ್ತಿದ್ದನು. ಓಲೆಯ ತೂತಿನ ಬಯಲಿಗೆ ಎಷ್ಟು ಅರ್ಥವೋ ಈ ತೆರಪಿಗೂ ಅಷ್ಟೇ ಅರ್ಥ. ಹೀಗೆ ಅಚ್ಚಾದ ಪುಟದಲ್ಲಿ ಸಂಪಾದಕನ ತೆರಪೂ ಮೊಳೆ ಜೋಡಿಸುವವನ ತೆರಪೂ ಒಂದರ ಪಕ್ಕದಲ್ಲೊಂದು ನಿಂತವು. ನೋಡುವ ಕಣ್ಣಿಗೆ ಭೇದ ಉಳಿಯಲಿಲ್ಲ.

೫

ಅಚ್ಚಿನ ಪುಟದ ಛಾಯೆಯನ್ನು ತೆಗೆದು ಯಂತ್ರದಿಂದ ಅಕ್ಷರಗಳನ್ನು ಗುರುತಿಸುವಾಗಲೂ, ಕೈಯಿಂದ ಒತ್ತಿ ಪಾಠವನ್ನು ತುಂಬುವಾಗಲೂ ಈ ಎಲ್ಲ ತೆರಪುಗಳು ಗಣಕಯಂತ್ರಕ್ಕೆ ಹೋಗಿ ಸೇರುತ್ತವೆ. ಅವನ್ನು ಒಪ್ಪಮಾಡುವುದಕ್ಕೆ ಬಳಸುವ ಸಾಧನಕ್ಕೆ ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಎಂದು ಹೆಸರು. ಮಾದರಿಸೂತ್ರವೆಂದು ಇದನ್ನು ಕನ್ನಡದಲ್ಲಿ ಹೇಳಬಹುದು. ಇದರ ಮೂಲವು ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿಯು ೧೯೫೧ರಲ್ಲಿ ಬರೆದು ೧೯೫೬ರಲ್ಲಿ ಪ್ರಕಟಿಸಿದ, ನರಜಾಲಗಳ ಗಣಿತರೂಪವನ್ನು ಕುರಿತ ಪ್ರಬಂಧದಲ್ಲಿದೆ. ೧೯೬೮ರಲ್ಲಿ ಕೆನ್ ಥಾಂಪ್ಸನ್ ಎಂಬವನು ಇದನ್ನು ಪಾಠದಲ್ಲಿ ಬೇಕಾದುದನ್ನು ಹುಡುಕುವ ಉಪಾಯವಾಗಿ ಪರಿವರ್ತಿಸಿದನು. ಯೂನಿಕ್ಸ್ ವ್ಯವಸ್ಥೆಯ ಮೂಲಕ ಅದು ಎಲ್ಲೆಡೆ ಹಬ್ಬಿತು.

ಮಾದರಿಸೂತ್ರವು ಒಂದೊಂದು ಶಬ್ದವನ್ನು ಹೆಸರಿಸದೆ ಅಕ್ಷರಗಳ ಒಂದು ಜಾತಿಯನ್ನು ವರ್ಣಿಸುತ್ತದೆ. ‘ಒಂದು ಅಥವಾ ಒಂದಕ್ಕಿಂತ ಹೆಚ್ಚು ತೆರಪುಗಳು ಒಟ್ಟಿಗೆ ಬಂದಲ್ಲಿ ಒಂದೇ ತೆರಪು’, ‘ಸಾಲಿನ ಮೊದಲಲ್ಲಿರುವ ತೆರಪಿಗೆ ಲೋಪ’, ‘ಸಾಲಿನ ಕೊನೆಯ ತೆರಪಿಗೆ ಲೋಪ’, ‘ಪೂರ್ಣವಿರಾಮದ ಮುಂಚಿನ ತೆರಪಿಗೆ ಲೋಪ, ಅನಂತರ ತೆರಪಿಲ್ಲದಲ್ಲಿ ಆಗಮ’ ಎಂಬ ರೀತಿಯಲ್ಲಿ ಅದರ ವಿಧಿಗಳನ್ನು ಹೇಳಬಹುದು. ಕೇಶಿರಾಜನ ಲೋಪ, ಆಗಮ, ಆದೇಶಗಳೇ ಇಲ್ಲಿಯ ಕಾರ್ಯಗಳೂ ಆಗಿವೆ. ವ್ಯಾಕರಣವನ್ನು ಬಲ್ಲವನಿಗೆ ಈ ಸಾಧನವು ಅಪರಿಚಿತವಾಗಿ ತೋರಲಾರದು. ಸೂತ್ರಗಳ ಅನುಕ್ರಮದಿಂದ ಫಲವು ಭಿನ್ನವಾಗುವುದೂ ವೈಯಾಕರಣರಿಗೆ ಪರಿಚಿತವಾದ ಸಂಗತಿಯೇ. ಸಾಲಿನ ಕೊನೆಯ ಅಡ್ಡಗೀಟನ್ನು ಲೋಪಮಾಡಿ ತುಂಡಾದ ಪದವನ್ನು ಮೊದಲು ಕೂಡಿಸಿ, ಅನಂತರ ಉಳಿದ ಸಾಲುಗಳ ಕೊನೆಗಳನ್ನು ತೆರಪಾಗಿ ಮಾರ್ಪಡಿಸಿದರೆ ಪಾಠ ಸರಿಯಾಗುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಿದರೆ, ಮೊಳೆ ಜೋಡಿಸುವವನು ಹಾಕಿದ ಅಡ್ಡಗೀಟಿಗೂ ಗ್ರಂಥಕರ್ತನೇ ಹಾಕಿದ ಅಡ್ಡಗೀಟಿಗೂ ಭೇದವನ್ನು ತಿಳಿಯುವ ಮಾರ್ಗ ತಪ್ಪಿಹೋಗುತ್ತದೆ.

ಆದರೆ ಈ ಸಾಧನವು ರೋಮನ್ ಲಿಪಿಯ ನೆರಳಿನಲ್ಲಿ ಬೆಳೆದುದು. ಕನ್ನಡಕ್ಕೆ ಅನ್ವಯಿಸುವಾಗ ಕೆಲವು ಅಪಾಯಗಳಿವೆ. ಮೊದಲನೆಯದು ತೆರಪುಗಳ ಜಾತಿಭೇದ. ೧೯೯೧ರಲ್ಲಿ ಕನ್ನಡವನ್ನೊಳಗೊಂಡು ಹೊರಟ ಯೂನಿಕೋಡ್ ಸಂಕೇತದಲ್ಲಿ ಸಾಮಾನ್ಯ ತೆರಪಲ್ಲದೆ, ಸಾಲು ಮುರಿಯಗೊಡದ ತೆರಪು ಮೊದಲಾದ ಬೇರೆ ಬೇರೆ ತೆರಪುಗಳುಂಟು. ನೋಡುವುದಕ್ಕೆ ಇವು ಒಂದೇ; ಯಂತ್ರಕ್ಕೆ ಬೇರೆ ಬೇರೆ. ಒಂದು ಜಾತಿಯ ತೆರಪಿನಿಂದ ಬರೆದ ಪದಪುಂಜವನ್ನು ಇನ್ನೊಂದು ಜಾತಿಯ ತೆರಪಿನಿಂದ ಹುಡುಕಿದರೆ ಅದು ಸಿಕ್ಕುವುದಿಲ್ಲ. ಇವೆಲ್ಲವನ್ನೂ ಒಂದೇ ಜಾತಿಗೆ ತರುವುದು ಯುಕ್ತವೇ ಆಗಿದೆ.

ಎರಡನೆಯದು ಅಗಲವಿಲ್ಲದ ಎರಡು ಚಿಹ್ನೆಗಳು. ಒಂದು ಸಂಯೋಜಕ, ಮತ್ತೊಂದು ವಿಯೋಜಕ. ಕಣ್ಣಿಗೆ ಎರಡೂ ಕಾಣುವುದಿಲ್ಲ. ವ್ಯಂಜನಾಂತವಾದ ಅಕ್ಷರವು ಮುಂದಿನ ವ್ಯಂಜನದೊಡನೆ ಕೂಡಿ ಒತ್ತಾಗದಂತೆ ತಡೆಯುವುದು ವಿಯೋಜಕದ ಕೆಲಸ. ‘ಹಾರ್ಡ್‌ವೇರ್’ ಎಂಬುದು ‘ಹಾರ್ಡ್ವೇರ್’ ಎಂದಾಗದಿರುವುದು ಅದರಿಂದ. ಯೂನಿಕೋಡಿನ ವಿಭಾಗದಲ್ಲಿ ಇವು ತೆರಪುಗಳ ಪಂಕ್ತಿಗೆ ಸೇರಿದುವಲ್ಲ. ಹೀಗಿದ್ದರೂ ಕಾಣದುದೆಲ್ಲವೂ ಕಸವೆಂದು ಭಾವಿಸಿ ಇವನ್ನೂ ಗುಡಿಸುವ ಸೂತ್ರಗಳುಂಟು. ಹಾಗೆ ಮಾಡಿದಲ್ಲಿ ಕಸ ಹೋಗುವುದಿಲ್ಲ, ಕಾಗುಣಿತ ಕೆಡುತ್ತದೆ.

ಮೂರನೆಯದು ಪದದ ಮೇರೆಯನ್ನು ಗುರುತಿಸುವ ವಿಧಿ. ಯಂತ್ರಸಂಕೇತದಲ್ಲಿ ‘ನ್ನ’ ಎಂಬುದು ನಕಾರ, ವಿರಾಮಚಿಹ್ನೆ, ನಕಾರ ಎಂದು ಮೂರು ಘಟಕಗಳಾಗಿ ನಿಲ್ಲುತ್ತದೆ. ಪದದೊಳಗೆ ಬರಬಹುದಾದ ಅಕ್ಷರಗಳ ಜಾತಿಗೆ ಸ್ವರಚಿಹ್ನೆಗಳನ್ನೂ ವಿರಾಮಚಿಹ್ನೆಯನ್ನೂ ಸೇರಿಸಬೇಕೆಂಬುದು ಯೂನಿಕೋಡಿನವರ ಸಲಹೆಯಾದರೂ, ಕೆಲವು ಪ್ರಸಿದ್ಧ ಯಂತ್ರಭಾಷೆಗಳು ಅವನ್ನು ಸೇರಿಸಿರುವುದಿಲ್ಲ. ಅಂತಹವುಗಳ ಗಣನೆಯಲ್ಲಿ ‘ಕನ್ನಡ’ ಎಂಬ ಪದವೇ ನಡುವೆ ಮುರಿದು ಎರಡಾಗುತ್ತದೆ. ಇದನ್ನರಿಯದೆ ಮೇರೆಯಲ್ಲಿ ತೆರಪನ್ನು ಆಗಮಮಾಡುವ ಸೂತ್ರವನ್ನು ಬಿಟ್ಟರೆ ಗ್ರಂಥವೆಲ್ಲವೂ ಛಿದ್ರವಾಗುತ್ತದೆ.

೬

ಮೇಲ್ಕಂಡ ವಿಚಾರಗಳನ್ನು ಕ್ರೋಡೀಕರಿಸಿದರೆ ಕನ್ನಡ ಪಾಠದ ತೆರಪುಗಳು ಮೂರು ವರ್ಗಗಳಾಗುತ್ತವೆ. ಮೊದಲನೆಯ ವರ್ಗದವು ಆಕಸ್ಮಿಕವಾದುವು. ಕಲ್ಲಿನ ಬಿರುಕು, ಓಲೆಯ ತೂತು, ಕಡತದ ಮಡಿಕೆ, ಸೀಸದ ದಪ್ಪ ತುಂಡು, ಕೀಲಿಯನ್ನು ಎರಡು ಸಲ ಒತ್ತಿದ ಬೆರಳು, ಇವುಗಳಿಂದ ಬಂದ ತೆರಪುಗಳಿಗೆ ಪಾಠದಲ್ಲಿ ಸ್ಥಾನವಿಲ್ಲ. ಇವನ್ನು ಮಾದರಿಸೂತ್ರದಿಂದ ನಿಸ್ಸಂಕೋಚವಾಗಿ ತೆಗೆಯಬಹುದು. ಸಾವಿರ ಪುಟಗಳಲ್ಲಿ ಕೈಯಿಂದ ತೆಗೆಯುವುದಕ್ಕಿಂತ ಸೂತ್ರದಿಂದ ತೆಗೆಯುವುದೇ ಮೇಲು, ಏಕೆಂದರೆ ಸೂತ್ರವು ದಣಿಯುವುದಿಲ್ಲ, ಒಂದು ಕಡೆ ಒಂದು ನ್ಯಾಯ ಮತ್ತೊಂದು ಕಡೆ ಮತ್ತೊಂದು ನ್ಯಾಯ ಮಾಡುವುದೂ ಇಲ್ಲ.

ಎರಡನೆಯ ವರ್ಗದವು ಸಂಪಾದಕನು ಬುದ್ಧಿಪೂರ್ವಕವಾಗಿ ಹಾಕಿದ ತೆರಪುಗಳು. ಇವು ವ್ಯಾಖ್ಯಾನ. ಒಪ್ಪಬಹುದು, ಯಾಸ್ಕನು ಮಾಡಿದಂತೆ ಆಕ್ಷೇಪಿಸಬಹುದು. ಆದರೆ ಅಳಿಸಿಹಾಕಬಾರದು, ಮೂಲವೆಂದು ಭ್ರಮಿಸಲೂ ಬಾರದು. ಮೂರನೆಯ ವರ್ಗವು ಇಲ್ಲದ ತೆರಪು: ಸಂಧಿಯೊಳಗೆ ಅಡಗಿದ ಪದಗಳ ಮೇರೆ. ಇದನ್ನು ಸೂತ್ರಮಾತ್ರದಿಂದ ತುಂಬಲು ಹೊರಡುವುದು ಸಾಹಸ. ‘ಅರಸನಾಳ್ದಂ’ ಎಂಬಲ್ಲಿ ಪ್ರಭುವೋ ಸಾಮಂತನೋ ಎಂಬುದು ಅಕ್ಷರಗಳಿಂದ ತಿಳಿಯುವುದಿಲ್ಲ. ವಾಕ್ಯದಿಂದಲೂ ಶಾಸನದ ಕಾಲದೇಶಗಳಿಂದಲೂ ತಿಳಿಯಬೇಕು.

ತೇರದಾಳದ ಶಾಸನದಂತಹ ಪಾಠಗಳನ್ನು ಗಣಕಯಂತ್ರಕ್ಕೆ ಏರಿಸುವಾಗ ಈ ವಿವೇಚನೆಯು ಕೇವಲ ಪಾಂಡಿತ್ಯದ ವಿಷಯವಾಗಿ ಉಳಿಯುವುದಿಲ್ಲ. ಶಾಸನದ ಸಾಲು ಎಲ್ಲಿ ಮುಗಿಯಿತೆಂಬುದನ್ನು ಅಳಿಸಿದರೆ, ಮುಂದೆ ಯಾವನಾದರೂ ಕಲ್ಲಿನೊಡನೆ ಪಾಠವನ್ನು ಹೋಲಿಸಬೇಕೆಂದಾಗ ಸ್ಥಳ ತಿಳಿಯುವ ಸಾಧನವಿರುವುದಿಲ್ಲ. ಸಾಲಿನ ಕೊನೆಯನ್ನೆಲ್ಲ ತೆರಪಾಗಿ ಮಾರ್ಪಡಿಸಿದರೆ ಒಂದು ಪದವು ಎರಡು ಚೂರಾಗಿ, ಆ ಚೂರುಗಳೇ ಪದಗಳೆಂದು ಪಟ್ಟಿಗಳಿಗೆ ಹತ್ತುತ್ತವೆ. ನಿಘಂಟುಕಾರನು ಅಂತಹ ಪಟ್ಟಿಯನ್ನು ನಂಬಿದರೆ ಎಂದೂ ಯಾರೂ ಆಡದ ಶಬ್ದವೊಂದು ಕನ್ನಡಕ್ಕೆ ಸೇರುತ್ತದೆ. ಆಡಿದ ಶಬ್ದವೊಂದು ಕಾಣೆಯಾಗುತ್ತದೆ. ಕಲ್ಲುಗಳು ಸವೆಯುತ್ತಿರುವ, ಓಲೆಗಳು ಹುಳು ಹಿಡಿಯುತ್ತಿರುವ ಕಾಲದಲ್ಲಿ ಯಂತ್ರದೊಳಗಣ ಪ್ರತಿಯೇ ಕೊನೆಯ ಪ್ರತಿಯಾಗಿ ಉಳಿಯುವ ಸಂಭವವೂ ಇದೆ.

ಇದಕ್ಕೆ ಪರಿಹಾರವು ಕಷ್ಟವಾದುದಲ್ಲ. ಒಂದು ಗ್ರಂಥಕ್ಕೆ ಮೂರು ಪಾಠಗಳನ್ನು ಬೇರೆ ಬೇರೆಯಾಗಿ ಇಡತಕ್ಕದ್ದು: ಕಲ್ಲಿನಲ್ಲಿ ಅಥವಾ ಓಲೆಯಲ್ಲಿ ಇದ್ದಂತೆ, ಸಾಲುಗಳ ಗುರುತಿನೊಡನೆ, ಅಕ್ಷರಮಾಲೆಯ ಪಾಠ ಒಂದು; ಸಂಪಾದಕನ ಹೆಸರಿನೊಡನೆ ಪದವಿಭಾಗ ಮಾಡಿದ ಪಾಠ ಎರಡನೆಯದು; ಹುಡುಕುವ ಅನುಕೂಲಕ್ಕಾಗಿ ಸೂತ್ರಗಳಿಂದ ಒಪ್ಪಮಾಡಿದ ಪಾಠ ಮೂರನೆಯದು. ಬಳಸಿದ ಸೂತ್ರಗಳನ್ನು ಅನುಕ್ರಮವಾಗಿ ಬರೆದು ಪಾಠದೊಡನೆ ಇಡಬೇಕು. ಪಾಶ್ಚಾತ್ಯ ಶಾಸನಶಾಸ್ತ್ರಜ್ಞರು ೧೯೩೧ರಲ್ಲಿ ಲೈಡನ್ನಿನಲ್ಲಿ ಒಪ್ಪಿಕೊಂಡ ಚಿಹ್ನೆಗಳ ಪದ್ಧತಿಯೂ, ೧೯೮೭ರಲ್ಲಿ ಆರಂಭವಾದ ಪಾಠಸಂಕೇತನದ ಅಂತರರಾಷ್ಟ್ರೀಯ ವ್ಯವಸ್ಥೆಯೂ ಸಾಲು ಮುರಿದಲ್ಲಿ ಪದವು ಮುರಿದಿಲ್ಲವೆಂದು ಸೂಚಿಸುವುದಕ್ಕೆ ಗುರುತುಗಳನ್ನು ಏರ್ಪಡಿಸಿವೆ. ಕನ್ನಡಕ್ಕೆ ಅವನ್ನು ಅಳವಡಿಸಿಕೊಳ್ಳಲು ಅಡ್ಡಿಯೇನೂ ಇಲ್ಲ.

ಹಳೆಯ ಲಿಪಿಕಾರನು ಓಲೆಯ ತೂತಿನ ಬಯಲನ್ನು ದಾಟಿ ಪದವನ್ನು ಮುಂದುವರಿಸುತ್ತಿದ್ದನು. ಅವನ ಪ್ರತಿಯನ್ನು ನೋಡಿ ಬರೆದವನು ಆ ಬಯಲನ್ನು ತನ್ನ ಓಲೆಗೆ ತರುತ್ತಿರಲಿಲ್ಲ. ಯಾವುದು ಓಲೆಗೆ ಸೇರಿದುದು, ಯಾವುದು ಕವಿಗೆ ಸೇರಿದುದು ಎಂಬ ವಿವೇಕವು ಅವನಿಗಿದ್ದುದರಿಂದಲೇ ರನ್ನನ ಮಾತು ಸಾವಿರ ವರ್ಷಗಳನ್ನು ದಾಟಿ ಬಂದಿತು. ಮಾದರಿಸೂತ್ರಕ್ಕೆ ಈ ವಿವೇಕವು ತಾನಾಗಿ ಬರುವುದಿಲ್ಲ. ಸೂತ್ರವನ್ನು ಬರೆಯುವವನೇ ಅದನ್ನು ಒದಗಿಸಿಕೊಡಬೇಕು.